ತೋಟ ಅಡ ಇಡೋ ಮೊದ್ಲು ಕಣ್ಣು ತೋರಿಸಿ

ಪ್ರಶ್ನೆ: ಮಗ ಪಿಯುಸಿ ಸೈನ್ಸ್ ಮುಗಿಸಿದಾನೆ, ಪೈಲಟ್ಟೇ ಆಗ್ಬೇಕು ಅಂತ ಹಠ. ಬೆಂಗಳೂರಿನ ಏಜೆಂಟ್ ಒಬ್ರು ಅಮೆರಿಕದ ಒಂದು ಸ್ಕೂಲ್ ಹೇಳಿ, ಈ ತಿಂಗಳೊಳಗೆ ಪೂರ್ತಿ ಫೀಸ್ ಕಟ್ಟಿದ್ರೆ ಡಿಸ್ಕೌಂಟ್ ಅಂತಿದಾರೆ. ತೋಟದ ಮೇಲೆ ಸಾಲ ಎತ್ಬೇಕು. ಏನು ನೋಡಿ ಸ್ಕೂಲ್ ಆರಿಸೋದು?
– ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಸ್ಕೂಲ್ ವಿಚಾರ ಆಮೇಲೆ, ಮೊದ್ಲು ಹುಡುಗನ್ನ ಡಿಜಿಸಿಎ (ಇಲ್ಲಿ ಪೈಲಟ್ ಲೈಸೆನ್ಸ್ ಕೊಡೋ ಸರ್ಕಾರಿ ಸಂಸ್ಥೆ) ಮೆಡಿಕಲ್‌ಗೆ ಕರ್ಕೊಂಡು ಹೋಗಿ. ಮೊದ್ಲು ಕ್ಲಾಸ್ 2 ಅನ್ನೋ ತಪಾಸಣೆ, ಆಮೇಲೆ ಪೈಲಟ್ ಕೆಲ್ಸಕ್ಕೆ ಬೇಕಾದ ಕ್ಲಾಸ್ 1, ಎರಡೂ ಇಲ್ಲೇ ಆಗುತ್ತೆ. ಕನ್ನಡಕ ಇದ್ರೆ ಅಷ್ಟು ಹೆದರ್ಬೇಡಿ, ಆದ್ರೆ ಬಣ್ಣ ಗುರುತಿಸೋದ್ರಲ್ಲಿ ತೊಂದ್ರೆ ಇದ್ರೆ ಅದು ತೋಟ ಅಡ ಇಡೋ ಮೊದ್ಲೇ ಗೊತ್ತಾಗ್ಲಿ.

ಇನ್ನು ಸ್ಕೂಲು. ನನ್ನ ಅಕ್ಕನ ಮಗ, ಕಾರವಾರದವನೇ, ಇದೇ ಥರ ಪೂರ್ತಿ ದುಡ್ಡು ಕಟ್ಟಿ ಹೊರಗೆ ಹೋದ, ಬ್ರೋಶರ್‌ನಲ್ಲಿ ಸಾಲಾಗಿ ವಿಮಾನ ನಿಂತಿತ್ತು, ಹೋಗಿ ನೋಡಿದ್ರೆ ಅರ್ಧ ಹ್ಯಾಂಗರ್‌ನಲ್ಲಿ ರಿಪೇರಿಗೆ, ಟೀಚರ್‌ಗಳು ತಮ್ಮ ಹಾರಾಟದ ಗಂಟೆ ತುಂಬಿಸ್ಕೊಂಡು ಕೆಲ್ಸಕ್ಕೆ ಅಂತ ಏರ್‌ಲೈನ್‌ಗೆ ಹಾರೋದು, ಇವನು ರೂಮಲ್ಲಿ ಅನ್ನ ಸಾರು ಮಾಡ್ಕೊಂಡು ಎರಡು ತಿಂಗಳು ಕೂತಿದ್ದ, ಬಾಡಿಗೆ ಮಾತ್ರ ಓಡ್ತಾ ಇತ್ತು. ಹಂಗಾಗಿ ವಿಮಾನ ಎಷ್ಟಿದೆ ಅಂತ ಕೇಳ್ಬೇಡಿ, ಇವತ್ತು ಹಾರ್ತಿರೋದು ಎಷ್ಟು, ಒಂದಕ್ಕೆ ಎಷ್ಟು ಸ್ಟೂಡೆಂಟ್ಸ್ ಅಂತ ಕೇಳಿ. ಅದನ್ನ ಏಜೆಂಟ್ ಹತ್ರ ಅಲ್ಲ, ಈಗ ಅಲ್ಲಿ ಕಲೀತಿರೋ ಭಾರತದ ಹುಡುಗರ ಹತ್ರ ಕೇಳಿ, ಹೋದ ತಿಂಗಳ ಲಾಗ್‌ಬುಕ್ (ಹಾರಿದ ಗಂಟೆ ಬರೆದಿಡೋ ಪುಸ್ತಕ) ಪುಟದ ಫೋಟೋ ಕಳ್ಸು ಮಾರಾಯಾ ಅಂದ್ರೆ ಕಳಿಸ್ತಾರೆ, ಅದ್ರಲ್ಲೇ ಎಲ್ಲ ಇರುತ್ತೆ.

ಆಮೇಲೆ ವಿಮಾನದಲ್ಲಿ ಗಂಟೆ ಲೆಕ್ಕ ಇಡೋ ಹಾಬ್ಸ್ ಮೀಟರ್ ಅಂತ ಒಂದಿದೆ. ಸಾಮಾನ್ಯವಾಗಿ ಎಂಜಿನ್ ಶುರುವಾದಾಗಿಂದ ಅದು ಓಡುತ್ತೆ, ಬಿಲ್ಲೂ ಅದ್ರ ಮೇಲೇ. ಗದ್ದಲದ ಏರ್‌ಪೋರ್ಟ್ ಆದ್ರೆ ರನ್‌ವೇಗೆ ಕ್ಯೂ ನಿಂತ ಹೊತ್ತೂ ನಿಮ್ಮ ಜೇಬಿಂದಲೇ. ಗಂಟೆ ರೇಟಿನಲ್ಲಿ ಪೆಟ್ರೋಲು, ಟೀಚರ್ ಫೀಸು ಸೇರಿದ್ಯಾ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಹವೆನೂ ನೋಡಿ, ನಮ್ಮಲ್ಲಿ ಜೂನ್‌ನಿಂದ ಜಿಟಿಜಿಟಿ ಹಿಡಿದ್ರೆ ಅಂಗಳಕ್ಕೇ ಇಳಿಯೋಕಾಗಲ್ಲ, ಅಲ್ಲೂ ಹಿಮ, ಮೋಡದ ತಿಂಗಳು ಇರ್ತಾವೆ.

ಪೂರ್ತಿ ಅಡ್ವಾನ್ಸ್ ಬೇಡವೇ ಬೇಡ. ಅಡಿಕೆ ತೂಕ ಆದ್ಮೇಲೆ ತಾನೇ ಲೆಕ್ಕ, ಇಲ್ಲೂ ಹಾರಿದಷ್ಟಕ್ಕೆ ಕಟ್ಟಿ. ತಿಂಗಳೊಳಗೆ ಅನ್ನೋ ಡಿಸ್ಕೌಂಟೇ ನಂಗೆ ಗುಮಾನಿ.

ಇನ್ನೊಂದು ಏಜೆಂಟ್ ಹೇಳಲ್ಲ: ಅಲ್ಲಿನ ಲೈಸೆನ್ಸ್ ಹಿಡ್ಕೊಂಡು ಬಂದು ಇಲ್ಲಿ ಸೀದಾ ಕೆಲ್ಸ ಇಲ್ಲ. ಡಿಜಿಸಿಎ ಪರೀಕ್ಷೆ ಪಾಸಾಗಿ ಇಲ್ಲಿನ ಲೈಸೆನ್ಸಿಗೆ ಬದಲಾಯಿಸ್ಬೇಕು, ಪಾಸಿಗೇ 70 ಪರ್ಸೆಂಟ್. ಒಟ್ಟು 200 ಗಂಟೆ ಹಾರಾಟ, ಅದ್ರಲ್ಲಿ 100 ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ತಾನೇ ಹೊತ್ತು ಹಾರಿಸಿದ್ದು) ಬೇಕು, ಸ್ಕೂಲ್ ಪ್ಯಾಕೇಜ್ ಇದಕ್ಕೆ ಹೊಂದುತ್ತಾ ನೋಡಿ. ಪೇಪರ್‌ಗಳನ್ನ ಹೋಗೋ ಮೊದ್ಲೇ ಇಲ್ಲಿ ಬರೆದ್ರೆ ವಾಸಿ. ಏರ್‌ಬಸ್ಸೋ ಬೋಯಿಂಗೋ ಹಾರಿಸೋಕೆ ಟೈಪ್ ರೇಟಿಂಗ್ (ಆ ಮಾದರಿ ವಿಮಾನಕ್ಕೇ ಅಂತ ಇರೋ ತರಬೇತಿ) ಬೇರೆ, ಅದಕ್ಕೂ ಲಕ್ಷಗಟ್ಲೆ, ಸಾಲ ಲೆಕ್ಕ ಹಾಕೋವಾಗ ಅದ್ನೂ ಸೇರಿಸಿ.

ಮೆಡಿಕಲ್ ಆದ್ಮೇಲೆ ಮತ್ತೆ ಬರೀರಿ. ಕಾಂಟ್ರಾಕ್ಟಿನ ರಿಫಂಡ್ ಪುಟ ಜೊತೆಗಿರ್ಲಿ.