ಊಟ ಬಿಟ್ಟರೂ ಸಕ್ಕರೆ ಏರಿದ್ದೇಕೆ?

ಪ್ರಶ್ನೆ: ನನ್ನ ತಾಯಿಯವರಿಗೆ 58 ವರ್ಷ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಈಚೆಗೆ ಕೊರೋನಾ ಸೋಂಕು ತಗುಲಿ ಜ್ವರ ಬಂದಾಗ ಅವರಿಗೆ ಊಟವೇ ಸೇರಲಿಲ್ಲ. ಹೊಟ್ಟೆಗೆ ಏನೂ ಇಲ್ಲದಿರುವಾಗ ಇನ್ಸುಲಿನ್ ಬೇಡವೆಂದು ಎರಡು ಹೊತ್ತು ಬಿಟ್ಟೆವು. ಆದರೆ 150ರ ಆಸುಪಾಸಿನಲ್ಲಿದ್ದ ಸಕ್ಕರೆ 310ಕ್ಕೆ ಏರಿತು. ಈಗ ಗುಣವಾಗಿದ್ದಾರೆ. ಹೀಗೇಕಾಯಿತು? ಮಧುಮೇಹಿಗಳಿಗೆ ಈ ಸೋಂಕು ಬೇಗ ತಗಲುತ್ತದೆಯೇ?

ಉತ್ತರ: ನಿಮ್ಮ ತಾಯಿಯವರು ಚೇತರಿಸಿಕೊಂಡಿರುವುದು ಸಮಾಧಾನದ ಸಂಗತಿ. ಊಟವಿಲ್ಲದಿದ್ದರೆ ಸಕ್ಕರೆ ಇಳಿಯಲೇಬೇಕೆಂಬ ನಂಬಿಕೆ ಬಹಳ ಮನೆಗಳಲ್ಲಿದೆ; ಜ್ವರದ ದಿನಗಳಲ್ಲಿ ಅದು ಅಪಾಯಕಾರಿ. ಸೋಂಕಿನೊಡನೆ ಸೆಣಸುವಾಗ ದೇಹವು ಕಾರ್ಟಿಸೋಲ್, ಅಡ್ರಿನಲಿನ್‌ನಂಥ ಹಾರ್ಮೋನುಗಳನ್ನು ಹೆಚ್ಚಾಗಿ ಸ್ರವಿಸುತ್ತದೆ. ಅವುಗಳ ಪ್ರಭಾವದಿಂದ ಯಕೃತ್ತು ತಾನೇ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ನಿನ ಪರಿಣಾಮವೂ ಕುಗ್ಗುತ್ತದೆ. ಅಂಥ ಹೊತ್ತಿನಲ್ಲಿ ಇನ್ಸುಲಿನ್ನನ್ನೇ ನಿಲ್ಲಿಸಿದರೆ ಸಕ್ಕರೆ ಏರುವುದಷ್ಟೇ ಅಲ್ಲ, ದೇಹ ಕೊಬ್ಬನ್ನು ಕರಗಿಸತೊಡಗಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ಶೇಖರವಾಗುವ ಭಯವೂ ಇದೆ. ಪ್ರಮಾಣವನ್ನು ವೈದ್ಯರೊಡನೆ ಮಾತನಾಡಿ ಹೊಂದಿಸಿಕೊಳ್ಳಬೇಕೇ ಹೊರತು ಸ್ವಂತ ನಿರ್ಧಾರದಿಂದ ಬಿಡಬಾರದು. ಕೆಲವು ಮಧುಮೇಹದ ಮಾತ್ರೆಗಳನ್ನು ಮಾತ್ರ ಕಾಯಿಲೆಯ ದಿನಗಳಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಅದೂ ವೈದ್ಯರು ಹೇಳಿದ ಮೇಲೆಯೇ.

ಇನ್ನು, ಮಧುಮೇಹಿಗಳ ವಿಷಯದಲ್ಲಿ ನಿಜವಾದ ಆತಂಕ ಸೋಂಕು ತಗಲುವುದಕ್ಕಿಂತ ಅದು ಉಲ್ಬಣಗೊಳ್ಳುವುದರದು. ಸಕ್ಕರೆ ಬಹುಕಾಲ ಹತೋಟಿಯಲ್ಲಿಲ್ಲದವರಲ್ಲಿ ಬಿಳಿ ರಕ್ತಕಣಗಳು ಚುರುಕಾಗಿ ಕೆಲಸ ಮಾಡುವುದಿಲ್ಲ. ಜೊತೆಗೆ ಹೃದಯ, ಮೂತ್ರಪಿಂಡಗಳ ತೊಂದರೆಯೂ ಇದ್ದರೆ ಅಪಾಯ ಇನ್ನಷ್ಟು ಹೆಚ್ಚುತ್ತದೆ. ಹಾಗೆಂದು ಎಲ್ಲ ಮಧುಮೇಹಿಗಳೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದವರಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಂಡು ಲಸಿಕೆ ಹಾಕಿಸಿಕೊಂಡವರು ಸಾಮಾನ್ಯವಾಗಿ ಚೆನ್ನಾಗಿಯೇ ಚೇತರಿಸಿಕೊಳ್ಳುತ್ತಾರೆ.

ಆಮ್ಲಜನಕದ ಕೊರತೆಯಿರುವ ರೋಗಿಗಳಿಗೆ ಕೊಡುವ ಡೆಕ್ಸಾಮೆಥಾಸೋನ್ ಜೀವ ಉಳಿಸುವ ಔಷಧವೆಂದು 2020ರಲ್ಲಿ ಸಾಬೀತಾಯಿತು. ಆದರೆ ಅದು ಸ್ಟೀರಾಯ್ಡ್ ಆದ್ದರಿಂದ ಸಕ್ಕರೆಯನ್ನು ಏರಿಸುತ್ತದೆ. ಉಸಿರಾಟ ಸರಿಯಿರುವವರಿಗೆ ಅದರಿಂದ ಲಾಭವಿಲ್ಲ. ಹಳೆಯ ಚೀಟಿ ತೋರಿಸಿ ಅದನ್ನು ಕೊಂಡು ನುಂಗುವುದನ್ನು ದಯವಿಟ್ಟು ಯಾರೂ ಮಾಡಬೇಡಿ.

ಮುಂದೆ ಯಾವುದೇ ಜ್ವರ ಬಂದರೂ ನಾಲ್ಕು ಗಂಟೆಗೊಮ್ಮೆ ಬೆರಳ ತುದಿಯ ಒಂದು ಹನಿ ರಕ್ತದಿಂದ ಸಕ್ಕರೆ ನೋಡಿ, ಸಮಯದ ಸಮೇತ ಬರೆದಿಡಿ; ಫೋನಿನಲ್ಲಿ ಸಲಹೆ ಕೊಡುವ ವೈದ್ಯರಿಗೆ ಆ ಅಂಕಿಗಳೇ ಆಧಾರ. ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಿ. ವಾಂತಿ ನಿಲ್ಲದಿದ್ದರೆ, ಉಸಿರು ಏದುಸಿರಾದರೆ, ಮಂಪರು ಕವಿದರೆ ಅಥವಾ ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.