ಡಿಸೆಂಬರ್‌ನಲ್ಲೂ ಸೆಕೆ

(ಗುರುತು ಸಿಗದಂತೆ ಊರು, ಕಸುಬು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಮೊದಲು ಬಂದವರು ಹೆಂಡತಿ. "ಮೇಡಂ, ನಮ್ಮನೆಯವರಿಗೆ ಬೇರೆ ಯಾರೋ ಇದ್ದಾರೆ ಅನ್ಸುತ್ತೆ" ಅಂದರು. ಎಂಟು ತಿಂಗಳಿಂದ ಗಂಡ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾರಂತೆ. ಕೇಳಿದರೆ ಒಳಗೆ ಸೆಕೆ ಅನ್ನುತ್ತಾರಂತೆ. ಡಿಸೆಂಬರ್‌ನಲ್ಲೂ!

ಮುಂದಿನ ವಾರ ಇಬ್ಬರೂ ಬಂದರು. ಗಂಡನಿಗೆ 48 ವರ್ಷ, ಕಿರಾಣಿ ಅಂಗಡಿ, ಒಂಬತ್ತು ವರ್ಷದಿಂದ ಶುಗರ್. ಒಬ್ಬರನ್ನೇ ಕೂರಿಸಿಕೊಂಡೆ. ಅರ್ಧ ಗಂಟೆ ಬರೀ ವ್ಯಾಪಾರದ ಮಾತು. ಆಮೇಲೆ ಗೋಡೆ ನೋಡುತ್ತ, "ನನ್ನ ಕೈಲಿ ಆಗ್ತಿಲ್ಲ ಮೇಡಂ" ಅಂದು ಚೀಲದಿಂದ ಒಂದು ಡಬ್ಬಿ ತೆಗೆದರು. ಬಸ್‌ಸ್ಟ್ಯಾಂಡ್ ಗೋಡೆಯ ಪೋಸ್ಟರ್ ನೋಡಿ, ತಿಂಗಳಿಗೊಮ್ಮೆ ಲಾಡ್ಜ್‌ಗೆ ಬರುವ 'ಡಾಕ್ಟರ್' ಹತ್ತಿರ ಆರು ಸಾವಿರ ಕೊಟ್ಟು ತಂದ ಕ್ಯಾಪ್ಸೂಲ್.

ಶುಗರ್ ಡಾಕ್ಟರಿಗೆ ಹೇಳಿದ್ರಾ?

"ಪಕ್ಕದಲ್ಲೇ ನರ್ಸಮ್ಮ ನಿಂತಿರ್ತಾರೆ. ಹೇಗೆ ಹೇಳೋದು?"

ಅದೂ ನಿಜವೇ. ಶುಗರ್ ಇದ್ದವರ ಕಣ್ಣು, ಪಾದ, ಕಿಡ್ನಿ ಎಲ್ಲ ನೋಡುತ್ತಾರೆ. ಶಿಶ್ನ ನಿಮಿರದ ಈ ತೊಂದರೆಯೊಂದನ್ನು ತಾವಾಗಿಯೇ ಕೇಳುವ ಡಾಕ್ಟರ್ ಕಡಿಮೆ.

ಬೆಳಗಿನ ಜಾವ ತಾನಾಗಿಯೇ ನಿಮಿರುತ್ತದಾ ಅಂತ ಕೇಳಿದೆ. "ಅದೂ ನಿಂತು ವರ್ಷ ಆಯ್ತು." ಬರೀ ಮನಸ್ಸಿನ ಗಾಬರಿಯಾಗಿದ್ದರೆ ಸಾಮಾನ್ಯವಾಗಿ ಅದು ಉಳಿದಿರುತ್ತದೆ. ಪಾದ ಜುಮುಜುಮು ಅನ್ನುವುದೂ ಇತ್ತು.

ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದೆ. ನಿಮಿರಬೇಕಾದರೆ ನರ ಸುದ್ದಿ ಮುಟ್ಟಿಸಬೇಕು, ರಕ್ತನಾಳ ಸಡಿಲವಾಗಿ ರಕ್ತ ನುಗ್ಗಬೇಕು. ಶುಗರ್ ಎರಡನ್ನೂ ಕೆಡಿಸುತ್ತದೆ. ಅಲ್ಲಿನ ರಕ್ತನಾಳದ ಅಗಲ ಸುಮಾರು 1-2 ಮಿಲಿಮೀಟರ್, ಹೃದಯದ್ದು 3-4. ಹಾಗಾಗಿ ತೊಂದರೆ ಮೊದಲು ಇಲ್ಲಿ ಕಾಣಿಸಿ, ಕೆಲವು ವರ್ಷ ಬಿಟ್ಟು ಎದೆಗೆ ಬರಬಹುದು. ಇದನ್ನು ಕೇಳಿದ ಮೇಲೆ ಅವರು ಗೋಡೆ ನೋಡುವುದು ಬಿಟ್ಟರು.

ಕ್ಯಾಪ್ಸೂಲ್ ಇವತ್ತೇ ನಿಲ್ಲಿಸಿ, ಡಬ್ಬಿ ಡಾಕ್ಟರಿಗೆ ತೋರಿಸಿ ಅಂದೆ. 'ಗಿಡಮೂಲಿಕೆ' ಅಂತ ಮಾರುವ ಇಂಥವುಗಳಲ್ಲಿ ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಔಷಧ) ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಜೊತೆ ಅದು ಸೇರಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಬಾಯಲ್ಲಿ ಹೇಳಲು ನಾಚಿಕೆಯಾದರೆ ಚೀಟಿ ಕೊಡಿ ಅಂತ ಅಲ್ಲೇ ಕೂತು ಬರೆಸಿದೆ: 'ಒಂದು ವರ್ಷದಿಂದ ನಿಮಿರುವುದಿಲ್ಲ. ಬಿಪಿ ಮಾತ್ರೆಯಿಂದ ಇರಬಹುದಾ? ಹೃದಯ, ಟೆಸ್ಟೋಸ್ಟೆರಾನ್ ಪರೀಕ್ಷೆ ಬೇಕಾ?' ಬೀಡಿ ಬಿಡಲೇಬೇಕು ಅಂತಲೂ ಹೇಳಿದೆ.

ಹೆಂಡತಿಯನ್ನು ಒಳಗೆ ಕರೆದಾಗ ಗಂಡನೇ ಹೇಳಿದರು, ನಾನು ಬಾಯಿ ಬಿಡಲಿಲ್ಲ. ಆಕೆ ಸ್ವಲ್ಪ ಹೊತ್ತು ಸುಮ್ನಿದ್ದರು. "ಇಷ್ಟೇನಾ? ನಾನು ಯಾವಳೋ ಅಂತ ತಲೆ ಕೆಡಿಸ್ಕೊಂಡಿದ್ದೆ." ಮತ್ತೆ ಒಂದೇ ಕೋಣೆಯಲ್ಲಿ ಮಲಗಿ, ಒಂದು ತಿಂಗಳು ಸಂಭೋಗಕ್ಕೆ ಪ್ರಯತ್ನವೇ ಬೇಡ, ಮಾತು, ಮುಟ್ಟುವುದು ಸಾಕು ಅಂದೆ. ಆಗುತ್ತೋ ಇಲ್ಲವೋ ಅನ್ನುವ ಪರೀಕ್ಷೆಯ ಭಯ ಮೊದಲು ಹೋಗಬೇಕಲ್ವಾ?

ಮೂರು ತಿಂಗಳ ನಂತರ ಬಂದರು. ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 9.6ರಿಂದ 7.8ಕ್ಕೆ ಇಳಿದಿತ್ತು. ಹೃದಯ ಪರೀಕ್ಷೆ ಮಾಡಿಸಿಯೇ ಡಾಕ್ಟರ್ ಸಿಲ್ಡೆನಾಫಿಲ್ ಬರೆದಿದ್ದರು. ಮೊದಲೆರಡು ಸಲ ಕೆಲಸ ಮಾಡಲಿಲ್ಲವಂತೆ. ವಿಚಾರಿಸಿದರೆ, ಬಿರಿಯಾನಿ ಉಂಡು ಮಾತ್ರೆ ನುಂಗಿ ಟಿವಿ ನೋಡುತ್ತ ಕಾದಿದ್ದಾರೆ! ಜಿಡ್ಡಿನ ಊಟ ಮಾಡಿದರೆ ಅದು ತಡವಾಗುತ್ತದೆ. ಹೊಟ್ಟೆ ಹಗುರವಿದ್ದಾಗ ಸುಮಾರು ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಮುದ್ದಾಟವೂ ಬೇಕು, ಬರೀ ಮಾತ್ರೆ ನುಂಗಿದರೆ ಏನೂ ಆಗದು. ಈಗ ಪ್ರತಿ ಸಲ ಅಲ್ಲದಿದ್ದರೂ ಪರವಾಗಿಲ್ಲವಂತೆ. ಬೀಡಿ ಮಾತ್ರ ದಿನಕ್ಕೆ ನಾಲ್ಕರಲ್ಲಿ ನಿಂತಿದೆ.

"ಚಾಪೆ ಏನಾಯ್ತು?" ಅಂತ ಕೇಳಿದೆ.

ಉತ್ತರ ಆಕೆಯಿಂದ ಬಂತು. "ಅದರ ಮೇಲೆ ಹಪ್ಪಳ ಒಣಗ್ಸ್ತಿದ್ದೀನಿ ಮೇಡಂ."