ಶಾಸಕರು ನೇರವಾಗಿ ಪಕ್ಷಾಂತರ ಮಾಡದೆ ರಾಜೀನಾಮೆ ಕೊಟ್ಟು ಉಪಚುನಾವಣೆಗೆ ನಿಲ್ಲುವುದೇಕೆ?

ನೇರವಾಗಿ ಹಾರಿದರೆ ಶಾಸಕ ಸ್ಥಾನವೇ ಹೋಗುತ್ತದೆ, ಅದಕ್ಕೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ, ಅಂದರೆ ಪಕ್ಷಾಂತರ ನಿಷೇಧ ಕಾಯ್ದೆಯ, ಪ್ರಕಾರ, ಗೆದ್ದ ಪಕ್ಷವನ್ನು ಸ್ವಇಚ್ಛೆಯಿಂದ ತೊರೆದವರನ್ನೂ ಸದನದಲ್ಲಿ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿ ಮತ ಹಾಕಿದವರನ್ನೂ ಸ್ಪೀಕರ್ ಅನರ್ಹಗೊಳಿಸಬಹುದು. ಶಾಸಕಾಂಗ ಪಕ್ಷದ ಮೂರನೇ ಎರಡರಷ್ಟು ಮಂದಿ ಒಟ್ಟಾಗಿ ಮತ್ತೊಂದು ಪಕ್ಷದೊಂದಿಗೆ ವಿಲೀನವಾದರೆ ಮಾತ್ರ ವಿನಾಯಿತಿ. ಹತ್ತಿಪ್ಪತ್ತು ಜನರಿಗೆ ಅದು ದಕ್ಕುವ ಮಾತಲ್ಲ.

ರಾಜೀನಾಮೆಯ ಜಾಣತನ ಇರುವುದು ಲೆಕ್ಕದಲ್ಲಿ. ಬಹುಮತ ಎಣಿಸುವುದು ಹಾಜರಿದ್ದು ಮತ ಹಾಕಿದವರಲ್ಲಿ; ಆಡಳಿತ ಪಕ್ಷದವರು ಹೊರಗುಳಿದರೆ ವಿರೋಧಿಗಳಿಗೆ ಒಂದು ಮತವೂ ಹೆಚ್ಚದೆ ಸರ್ಕಾರ ಉರುಳುತ್ತದೆ. 2019ರ ಜುಲೈನಲ್ಲಿ ಕರ್ನಾಟಕದಲ್ಲಿ ಆದದ್ದು ಇದೇ: ಕುಮಾರಸ್ವಾಮಿ ವಿಶ್ವಾಸಮತದಲ್ಲಿ 99–105ರಿಂದ ಸೋತರು.

ಆದರೂ ಸ್ಪೀಕರ್ ರಮೇಶ್ ಕುಮಾರ್ ಹೀಗೆ ಹೊರಗುಳಿದ 17 ಶಾಸಕರನ್ನು 2023ರವರೆಗೆ ಅನರ್ಹಗೊಳಿಸಿದರು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅನರ್ಹತೆ ತಪ್ಪದು ಎಂದ ಸುಪ್ರೀಂ ಕೋರ್ಟ್, 2023ರವರೆಗಿನ ನಿರ್ಬಂಧವನ್ನು ಮಾತ್ರ ತೆಗೆದುಹಾಕಿತು; ಅಂದರೆ ಅವರು ಕೂಡಲೇ ಉಪಚುನಾವಣೆಗೆ ನಿಲ್ಲಬಹುದಾಯಿತು. ನನ್ನ ಮಟ್ಟಿಗೆ ಕಾಯ್ದೆಯ ಹಲ್ಲು ಕಳಚಿದ್ದು ಅಲ್ಲೇ. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು ಬಿಜೆಪಿ 12 ಗೆದ್ದಿತು. ಎಲ್ಲರೂ ದಡ ಸೇರಲಿಲ್ಲ: ಹುಣಸೂರಿನಲ್ಲಿ ಎಚ್. ವಿಶ್ವನಾಥ್, ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್ ಸೋತರು.